ಕೊಂಡಿಗೆ ಬಿಟ್ಟ ಜಾಗ

ಬೈಲಹೊಂಗಲದ ಗೌಸಸಾಬ ಮೂವತ್ತು ವರ್ಷಗಳಿಂದ ಟ್ರ್ಯಾಕ್ಟರ್ ಟ್ರಾಲಿಗಳ ಹಿಂಬಾಗಿಲ ಮೇಲೆ ಜೋಡೆತ್ತು ಬರೆಯುತ್ತ ಬಂದವನು. ಎತ್ತಿನ ಕೆಳಗೆ ಟ್ರಾಲಿ ಮಾಲೀಕನ ಹೆಸರು, ಅವನ ಮಕ್ಕಳ ಹೆಸರು, ಜಾಗ ಉಳಿದರೆ ಮೊಮ್ಮಗನ ಮುದ್ದು ಹೆಸರನ್ನೂ ಬರೆದುಕೊಡುತ್ತಿದ್ದ. ತನ್ನ ಹೆಸರನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಪೇಂಟರನ ಹೆಸರು ಯಾರಿಗೆ ಬೇಕು?

ಬೇಕು ಎಂದವಳು ಹೆಂಡತಿ ಜುಬೇದಾಬಿ. ಸಮುದಾಯ ಭವನದಲ್ಲಿ ಊರವರ ಚಿತ್ರಪ್ರದರ್ಶನ ಇದೆ ಎಂದು ಕೇಳಿಬಂದು, “ಸತ್ತ ಮ್ಯಾಲೆ ಕಲ್ಲಿನ ಮ್ಯಾಲೆ ಹೆಸರು ಬರಸೂದು ಇದ್ದದ್ದ ಐತಿ. ಬದುಕಿದ್ದಾಗ ಒಮ್ಮೆ ಗ್ವಾಡಿ ಮ್ಯಾಲೆ ನೋಡೂಣು ನಡೀರಿ,” ಎಂದಳು. ಅವನಿಗೂ ಆಸೆ ಹತ್ತಿತು. ಪ್ಲೈವುಡ್ ಹಲಗೆ ತಂದು ಮೂರು ದಿನ ಕೂತು ತನ್ನ ಜೋಡೆತ್ತು ಬರೆದ.

ಪ್ರದರ್ಶನದ ಉಸ್ತುವಾರಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ರಂಜನಾಬಾಯಿಯವರದು. ಹಲಗೆ ನೋಡಿದ ಕೂಡಲೇ ಅವರ ಮುಖ ಗಂಟಿಕ್ಕಿತು.

“ಇದನ್ನ ಹಾಕಲಿಕ್ಕೆ ಬರಂಗಿಲ್ರಿ. ಸ್ವಂತ ಚಿತ್ರ ಅಷ್ಟ ತಗೋತೇವಿ.”

“ಸ್ವಂತದ್ದ ಐತ್ರಿ ಬಾಯಾರ.”

ಅವರು ಗೋಡೆಯತ್ತ ಬೆರಳು ತೋರಿಸಿದರು. ಬಂಗಾರದ ಬಣ್ಣದ ಚೌಕಟ್ಟಿನೊಳಗೆ ಅದೇ ಜೋಡೆತ್ತು, ಬೆನ್ನಿಗೆ ಹೊದಿಸಿದ ಅದೇ ಕೆಂಪು ಝೂಲ, ಅದೇ ಗೆಜ್ಜೆಸರ. ಕೆಳಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಿಲಿಂದನ ಹೆಸರು.

“ಇದು ನಿನ್ನೆನ ಬಂದದ. ನೋಡ್ರಿ, ಬಲಗಡೆ ಎತ್ತಿಗೆ ಮುಂಗಾಲು ಮೊಣಕಾಲಿನ ತನಕಾ ಅಷ್ಟ ಅದ, ಕೆಳಗ ಖಾಲಿ. ನಿಮ್ಮದರಾಗೂ ಅಲ್ಲೇ ಖಾಲಿ. ಅವರ ತಪ್ಪನ್ನೂ ಬಿಡಲಾರದ ತಗದೀರಲ್ಲ!”

ಕಮಿಟಿಯ ನಾಲ್ಕೂ ಮಂದಿ ಹೌದೌದೆಂದು ತಲೆಯಾಡಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲ ಕಮಿಟಿಯಲ್ಲೂ ಇರುತ್ತಾರೆ, ಚಹಾ ಕುಡಿಯುವುದಕ್ಕಾದರೂ.

ಗೌಸಸಾಬ ಕಕ್ಕಾಬಿಕ್ಕಿಯಾದ. ಹಲಗೆ ನೋಡಿದ, ಗೋಡೆ ನೋಡಿದ, ಮತ್ತೆ ಹಲಗೆ ನೋಡಿದ. ಈ ಮಿಲಿಂದನನ್ನು ಅವನು ಕಂಡೇ ಇರಲಿಲ್ಲ. ಆದರೆ ಆ ಕಾಲು ಯಾಕೆ ಖಾಲಿ? ತಾನೇ ಬಿಟ್ಟಿದ್ದು ಹೌದು, ಬಿಟ್ಟ ನೆನಪು ಮಾತ್ರ ಇಲ್ಲ. ಹಾಗೆ ನೋಡಿದರೆ ಜೋಡೆತ್ತು ಬರೆಯಲು ಕಲಿಸಿದವರು ಸವದತ್ತಿಯ ಉಸ್ತಾದರು. ಅಂದ ಮೇಲೆ ಇದು ಉಸ್ತಾದರದೋ, ತನ್ನದೋ, ಮಿಲಿಂದನದೋ? ಮೂವತ್ತು ವರ್ಷ ಕದ್ದ ಮಾಲು ಮಾರಿದವನಂತೆ ಅವನಿಗೆ ನಾಚಿಕೆಯಾಯಿತು.

“ನಂದಲ್ಲೇನೋರಿ ಬಾಯಾರ,” ಎಂದುಬಿಟ್ಟ. ಜುಬೇದಾಬಿ ಬಾಯಿ ತೆರೆಯುವಷ್ಟರಲ್ಲಿ ಹಲಗೆಯನ್ನು ಬಗಲಲ್ಲಿಟ್ಟುಕೊಂಡು ಹೊರಬಿದ್ದ.

ಹೊರಗೆ ಸಂಗೊಳ್ಳಿಯ ಪರಸಪ್ಪನ ಖಾಲಿ ಟ್ರಾಲಿ ನಿಂತಿತ್ತು. ಅದರ ಹಿಂದೆ ಹೋಗಿ ನಿಂತವನು ಅಲ್ಲೇ ಕಲ್ಲಾದ. ಅವನೇ ಬರೆದ ಜೋಡೆತ್ತು. ಬಲಗಡೆ ಎತ್ತಿನ ಮುಂಗಾಲಿರಬೇಕಾದಲ್ಲಿ ಬಾಗಿಲಿನ ಕಬ್ಬಿಣದ ಕೊಂಡಿ. ಕೊಂಡಿ ತೆರೆದು ಹಾಕಿ ಬಣ್ಣ ಉದುರುತ್ತದೆಂದು ಅಲ್ಲಿ ಅವನು ಕುಂಚ ಆಡಿಸುತ್ತಲೇ ಇರಲಿಲ್ಲ. ಕೊಂಡಿಯೇ ಇಲ್ಲದ ಪ್ಲೈವುಡ್ಡಿನ ಮೇಲೂ ಆ ಮೂಢ ಕೈ ಜಾಗ ಬಿಟ್ಟಿತ್ತು! ಉಸ್ತಾದರು ಬರೆದದ್ದು ಅಂಗಡಿಯ ಗೋಡೆಗಳ ಮೇಲೆ. ಅವರ ಎತ್ತಿಗೆ ನಾಲ್ಕೂ ಕಾಲು. ಮೂರೂವರೆ ಕಾಲಿನ ಎತ್ತು ಇವನೊಬ್ಬನದೇ.

“ಬಾಯಾರ, ಒಂದೀಟು ಹೊರಗ ಬರ್ರಿ!”

ರಂಜನಾಬಾಯಿ ಬಂದರು. ಆಗಷ್ಟೇ ಬೈಕಿನಿಂದ ಇಳಿದ ಮಿಲಿಂದನೂ ಬಂದ. ಬಾಯಿಯವರು ಕೊಂಡಿಯನ್ನು ಎರಡು ಸಲ ಮುಟ್ಟಿ ನೋಡಿ ಮಿಲಿಂದನತ್ತ ತಿರುಗಿದರು.

“ಕ್ಯಾನ್ವಾಸಿಗೆ ಕೊಂಡಿ ಇರಂಗಿಲ್ಲ. ನೀ ಯಾಕ ಬಿಟ್ಟಿ ಆ ಜಾಗಾ?”

“ಮುರಗೋಡ ಹಾದ್ಯಾಗ ಒಂದು ಟ್ರಾಲೀದು ಫೋಟೋ ಹೊಡದಿದ್ದೆರಿ. ಕೊಂಡಿ ಚಂದ ಕಾಣವಲ್ದು ಅಂತ ಬಿಟ್ಟೆ.” ಅವನ ಮುಖ ಇಳಿದುಹೋಯಿತು. “ಟ್ರಾಲಿ ಮ್ಯಾಲಿನ ಚಿತ್ರಕ್ಕ ಬರದವರು ಅಂತ ಒಬ್ಬರು ಇರತಾರಂತ ನನಗ ಹೊಳೀಲೇ ಇಲ್ಲರಿ.”

“ಇದ್ದೇನಲ್ಲಪಾ,” ಎಂದ ಗೌಸಸಾಬ.

ಮಿಲಿಂದ ತಾನೇ ಒಳಗೆ ಹೋಗಿ ತನ್ನ ಚಿತ್ರ ಇಳಿಸಿ, ಆ ಮೊಳೆಗೆ ಹಲಗೆ ತೂಗುಹಾಕಿದ. ರಂಜನಾಬಾಯಿ ಕುಂಚ ತಂದುಕೊಟ್ಟು, “ಹೆಸರು ಬರೀರಿ,” ಎಂದರು.

“ಯಾರದರಿ?” ಎಂದು ಕೇಳಿದ, ರೂಢಿಯಂತೆ.

“ಯಾರದಂದ್ರ? ನಿಮ್ಮದರಿ!”

ಎಲ್ಲಿ ಬರೆಯಬೇಕೆಂದು ಅವನಿಗೆ ತಿಳಿಯಲಿಲ್ಲ. ಜುಬೇದಾಬಿ ಮುಂದೆ ಬಂದು ಎತ್ತಿನ ಖಾಲಿ ಕಾಲಿನ ಮೇಲೆ ಬೆರಳಿಟ್ಟಳು. “ಮೂವತ್ತು ವರ್ಷದಿಂದ ಇಲ್ಲೇ ಜಾಗಾ ಬಿಟ್ಕೋತ ಬಂದೀರಲ್ರಿ.”

ಸಾವಿರ ಮಂದಿಯ ಹೆಸರು ಬರೆದ ಕೈ ಕುಂಚವನ್ನು ಬಣ್ಣದಲ್ಲಿ ಅದ್ದಿತು. ‘ಗೌ’ ಎಂದು ಬರೆದು ನಿಂತ ಗೌಸಸಾಬ, ಮುಂದಿನ ಅಕ್ಷರ ಯಾವುದೆಂದು ಹೆಂಡತಿಯ ಮುಖ ನೋಡಿದ.