ಕೊಕ್ಕರೆ ನಾಣ್ಯದ ಕಲೆ

ನಾಣ್ಯ ಕೂಡಿಸುವ ಹುಚ್ಚು ಎಂಥದೆಂದು ಗುರುಪುತ್ರಪ್ಪನ ಮನೆಯವರನ್ನು ಕೇಳಬೇಕು. ಮಚ್ಛೆಯ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದ ಜಪಾನಿ ಇಂಜಿನಿಯರೊಬ್ಬ, ಅಲ್ಲಿ ಫೋರ್‌ಮನ್ ಆಗಿದ್ದ ಇವನ ಕೈಗೆ ಒಂದು ಬೆಳ್ಳಿ ನಾಣ್ಯ ಇಟ್ಟು ಹೋಗಿದ್ದ. ಆ ದೇಶದ ನಲವತ್ತೇಳು ಪ್ರಾಂತಗಳಿಗೂ ಒಂದೊಂದು ನಾಣ್ಯ, ಒಂದೊಂದರಲ್ಲೂ ಆ ಸೀಮೆಯ ಕತೆ, ಅದೂ ಬಣ್ಣದಲ್ಲಿ. ಇವನದು ಹೊಕ್ಕೈಡೊದ್ದು: ಸರೋವರದ ಮೇಲೆ ಹಾರುವ ಕೊಕ್ಕರೆಗಳು, ನೆತ್ತಿ ಕೆಂಪು. ಆಮೇಲೆ ಕೇಳಿ, ಕಾಡಿ, ತರಿಸಿ ಹನ್ನೊಂದು ಮಾಡಿಕೊಂಡ. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಉಸಿರು ತಾಗುವಂತಿಲ್ಲ. ಲಿಂಗಾಯತರ ಮನೆಯಲ್ಲಿ ಇಲ್ಲದ ಮಡಿ ಈ ನಾಣ್ಯಗಳಿಗಿತ್ತು.

ಎಂಟು ವರ್ಷದ ಮಗಳು ಸಮೃದ್ಧಿ ಒಂದು ಮಧ್ಯಾಹ್ನ ಡಬ್ಬಿ ತೆರೆದು, ಬೆಲ್ಲ ತಿಂದ ಕೈಯಲ್ಲೇ ಕೊಕ್ಕರೆಯನ್ನು ಒತ್ತಿ ನೋಡಿದಳು. ಗುರುಪುತ್ರಪ್ಪ ಜನ್ಮದಲ್ಲಿ ಮಗಳಿಗೆ ಹೊಡೆದದ್ದು ಅದೊಂದೇ ಸಲ, ಅದೂ ಕಪಾಳಕ್ಕೆ. ನಾಣ್ಯದ ಮೇಲೆ ಉಳಿದ ಅವಳ ಬೆರಳಿನ ಗುರುತು ವರ್ಷ ಕಳೆದಂತೆ ಕಪ್ಪಾಯಿತು, ಗೆರೆಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಾಯಿತು.

ಹತ್ತೊಂಬತ್ತಕ್ಕೆ ಡೆಂಗಿ ಜ್ವರ ಅವಳನ್ನು ನಾಲ್ಕೇ ದಿನದಲ್ಲಿ ಒಯ್ದಿತು. ಕಣ್ಣೆದುರು ಇದ್ದರೆ ತಾಳಲಾರೆನೆಂದು ಹೆಂಡತಿ ಅವಳ ಬಟ್ಟೆ, ಪುಸ್ತಕ ಎಲ್ಲವನ್ನೂ ಕೊಟ್ಟುಬಿಟ್ಟಳು. ಗುರುಪುತ್ರಪ್ಪ ಬೇಡವೆನ್ನಲಿಲ್ಲ. ಅವನಿಗೆ ಆ ಗುರುತು ಇತ್ತಲ್ಲ. ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು ನೋಡುತ್ತಿದ್ದ. ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಕಪಾಳದ ಮಾತನ್ನೂ ಹೇಳಬೇಕಾಗುತ್ತಿತ್ತು.

ಈ ವರ್ಷ ಟಿಳಕವಾಡಿಯ ಮನೆಗೆ ಸುಣ್ಣಬಣ್ಣ ಮಾಡಿಸುವಾಗ, ಗದ್ದಲದಲ್ಲಿ ಕಳುವಾದೀತೆಂದು ಡಬ್ಬಿಯನ್ನು ಖಾನಾಪುರದ ಅಕ್ಕ ಶಿವಲಿಂಗವ್ವನ ತಿಜೋರಿಯಲ್ಲಿ ಇಟ್ಟುಬಂದ. ತಾಯಿಲ್ಲದ ಇವನನ್ನು ಸಾಕಿದವಳು ಅವಳೇ. ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ಅದನ್ನು ತರಲು ಹೋದ.

ಸಂಜೆಯ ಲಕ್ಷ್ಮೀಪೂಜೆಗೆಂದು ದೇವರ ಜಗಲಿಯ ಮುಂದೆ ತಾಟಿನಲ್ಲಿ ಹನ್ನೊಂದೂ ನಾಣ್ಯಗಳನ್ನು ಜೋಡಿಸಿತ್ತು. ಬೆಳ್ಳಗೆ ಹೊಳೆಯುತ್ತಿದ್ದವು.

“ಬಾರಪಾ ತಮ್ಮಾ, ಕುಂದರು,” ಎಂದಳು ಅಕ್ಕ. “ಹಬ್ಬಕ್ಕ ಮನ್ಯಾಗಿನ ಬೆಳ್ಳಿ ಎಲ್ಲಾ ತಿಕ್ಕತೀವಲ್ಲ, ನಿನ್ನವೂ ತಿಕ್ಕೀನಿ. ಹುಣಸಿಹಣ್ಣು ಹಚ್ಚಿ, ಮ್ಯಾಲ ವಿಭೂತಿ. ಹಕ್ಕಿ ನೆತ್ತಿಗಿ ಹಳೇ ಕುಂಕುಮ ಹತ್ತಿತ್ತು ನೋಡು, ಲಗೂನ ಹೋಗಲಿಲ್ಲ.”

ಗುರುಪುತ್ರಪ್ಪ ಕೊಕ್ಕರೆಯ ನಾಣ್ಯವನ್ನು ಬರಿಗೈಯಲ್ಲೇ ಎತ್ತಿಕೊಂಡ. ನೆತ್ತಿ ಬೋಳಾಗಿತ್ತು. ಅದು ಹೋದರೆ ಹೋಗಲಿ. ಕಿಟಕಿಯ ಬೆಳಕಿಗೆ ಹಿಡಿದು ಈ ಕಡೆ ಹೊರಳಿಸಿದ, ಆ ಕಡೆ ಹೊರಳಿಸಿದ.

“ಅದರಾಗ ಬೊಟ್ಟಿನಷ್ಟು ಕರಿ ಕಲೆ ಇತ್ತು. ಎರಡು ಸರ್ತಿ ತಿಕ್ಕಿ ತಗದೆ. ಇಷ್ಟು ಜ್ವಾಕಿ ಮಾಡಾಂವ ನೀ, ಅದನ್ಯಾಕ ಹಂಗ ಬಿಟ್ಟಿದ್ದಿ?”

ಎಪ್ಪತ್ತೆಂಟರ ಅಕ್ಕನ ಬೆರಳ ತುದಿ ಹುಣಸೆಯ ಹುಳಿಗೆ ಸುಲಿದಿತ್ತು. ಅವಳ ಮುಖದ ಹಿಗ್ಗು ನೋಡಿ ಅವನು ನಾಣ್ಯವನ್ನು ತಾಟಿನಲ್ಲಿ ಮರಳಿ ಇಟ್ಟ.

“ಮರತಿದ್ದೆ ಅಕ್ಕಾ,” ಎಂದ.

“ಛಲೋ ಆತಲ್ಲ ಈಗ?”

“ಛಲೋ ಆತು.”

ಅವಳು ಕರಚಿಕಾಯಿ ತರಲು ಒಳಗೆ ಹೋದಳು. ಅವನು ಕಣ್ಣು ಮುಚ್ಚಿ ಆ ಗೆರೆಗಳನ್ನು ನೆನೆಯಲು ನೋಡಿದ. ನಡುವಿನ ಸುರುಳಿ ಎಡಕ್ಕೆ ತಿರುಗಿತ್ತೋ, ಬಲಕ್ಕೋ? ನಾಲ್ಕು ವರ್ಷ ದಿನಾ ನೋಡಿದ್ದರೂ ನೆನಪಾಗಲಿಲ್ಲ. ನೆನಪಾದದ್ದು ಮಗಳ ಕೆನ್ನೆಯ ಮೇಲೆ ಮೂಡಿದ್ದ ತನ್ನ ನಾಲ್ಕು ಬೆರಳು ಮಾತ್ರ.