ವಿಲ್ಮಾ ಟಟಲ್ ಹಾಕಿದ ಓಟು

ಪಕ್ಷದವರು ಎಲೆಕ್ಟರ್ ಪಟ್ಟಿಯಲ್ಲಿ ಹೆಸರು ಸೇರಿಸಿದ ದಿನದಿಂದ ವಿಲ್ಮಾ ಟಟಲ್‌ಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ರಾಜ್ಯದ ಪರವಾಗಿ ಅಧ್ಯಕ್ಷರಿಗೆ ಓಟು ಹಾಕುವ ಮೂವರಲ್ಲಿ ತಾನೊಬ್ಬಳು ಎಂದರೆ ಸಾಮಾನ್ಯವೇ? ಇಪ್ಪತ್ತೆಂಟು ವರ್ಷದಿಂದ ಊರಿನ ಅಂಚೆ ಕಚೇರಿ ನಡೆಸುತ್ತಿರುವವಳು. ಯಾರಿಗೆ ಯಾರ ಕಾಗದ ಬರುತ್ತದೆಂದು ಎಲ್ಲ ಗೊತ್ತಿದ್ದೂ ಬಾಯಿ ಬಿಡದವಳು. ಹೊಸ ಟೋಪಿ ಕೊಂಡಳು. ದಾರಿಗೆಂದು ಆಪಲ್ ಪೈ ಮಾಡಿಕೊಂಡಳು.

ಆದರೆ ಆ ಸಲ ರಾಜ್ಯದಲ್ಲಿ ಗೆದ್ದವರು ಯಾರೆಂಬುದೇ ಇತ್ಯರ್ಥವಾಗಿರಲಿಲ್ಲ. ಮೊದಲ ಎಣಿಕೆಯಲ್ಲಿ ಅಂತರ ಬರೀ ತೊಂಬತ್ತೇಳು ಓಟು. ಮರು ಎಣಿಕೆ ಕೋರ್ಟಿನಲ್ಲಿ ಕುಂಟುತ್ತಿತ್ತು. ಎಲೆಕ್ಟರುಗಳು ಓಟು ಹಾಕುವ ದಿನವನ್ನು ಮಾತ್ರ ಕಾನೂನು ಡಿಸೆಂಬರಿನಲ್ಲಿ ಮೊಳೆ ಹೊಡೆದು ಕೂರಿಸಿದೆ, ಅದು ಯಾರಪ್ಪನ ಮಾತೂ ಕೇಳುವುದಿಲ್ಲ. ಹಾಗಾಗಿ ಎರಡೂ ಪಕ್ಷದ ಮೂರು ಮೂರು ಜನ ಅದೇ ದಿನ ರಾಜಧಾನಿಗೆ ಹೋಗಿ, ತಾವೇ ಗೆದ್ದವರೆಂಬಂತೆ ಓಟು ಹಾಕಿ, ಕಾಗದ ವಾಷಿಂಗ್ಟನ್ನಿಗೆ ಕಳಿಸುವುದು. ಯಾವುದನ್ನು ಎಣಿಸಬೇಕೆಂದು ಜನವರಿಯಲ್ಲಿ ಸಂಸತ್ತು ನೋಡಿಕೊಳ್ಳುವುದು. ಒಬ್ಬಳೇ ಹುಡುಗಿಗೆ ಎರಡು ಮನೆಯಿಂದ ದಿಬ್ಬಣ ಹೊರಟ ಹಾಗೆ.

ಎದುರು ಪಕ್ಷದ ಎಲೆಕ್ಟರು ಪಕ್ಕದ ಮನೆಯ ಹೋಮರ್ ಗ್ರಿಗ್ಸ್, ಔಷಧಿ ಅಂಗಡಿಯವನು. ಮೊಣಕಾಲುದ್ದ ಹಿಮ ಬಿದ್ದಿತ್ತು. ಚಕ್ರಕ್ಕೆ ಸರಪಳಿ ಕಟ್ಟಿದ್ದ ಟ್ರಕ್ಕು ಊರಿಗೆಲ್ಲ ಅವನದೊಂದೇ. ಹೀಗೆ ಎರಡು ಪಕ್ಷವೂ ಒಂದೇ ಟ್ರಕ್ಕಿನಲ್ಲಿ ಹೊರಟವು. ಅರ್ಧ ದಾರಿಯಲ್ಲಿ ಹೋಮರ್ ಗಾಡಿ ನಿಲ್ಲಿಸಿದ.

“ವಿಲ್ಮಾ, ಒಂದು ಮಾತು ಹೇಳ್ತೀನಿ. ಹೊಡೀಬಾರ್ದು.”

“ಮೊದ್ಲು ಹೇಳು. ಹೊಡೆಯೋ ವಿಚಾರ ಆಮೇಲೆ.”

“ಕೇಂದ್ರ ಸರ್ಕಾರದ ಹುದ್ದೇಲಿರೋರು ಎಲೆಕ್ಟರ್ ಆಗೋ ಹಾಗಿಲ್ವಂತೆ. ಸಂವಿಧಾನದಲ್ಲೇ ಇದೆ. ಇವತ್ತು ನಮ್ಮ ಲಾಯರು ಎದ್ದು ನಿಂತು ನಿನ್ನ ಓಟು ಹೊಡೆದು ಹಾಕಿಸ್ತಾನೆ.”

“ಸ್ಟಾಂಪು ಮಾರೋದೂ ಒಂದು ಹುದ್ದೇನಾ?”

“ಹೂಂ, ಅಂತೆ.”

“ನಿಮ್ಗೇ ಲಾಭ ಅಲ್ವಾ? ಬಾಯಿ ಮುಚ್ಕೊಂಡಿರೋದಕ್ಕೇನಾಗಿತ್ತು?”

“ಇರೋಣ ಅಂತಾನೇ ಇದ್ದೆ ಕಣೆ. ನಲವತ್ತು ಮೈಲಿ ಇದ್ದೆ. ಅಷ್ಟರಲ್ಲಿ ನೀನು ಪೈ ಕೊಟ್ಟುಬಿಟ್ಟೆ.”

ವಿಲ್ಮಾಳಿಗೆ ಮೈಯೆಲ್ಲ ಉರಿದುಹೋಯಿತು. ಗಂಡ ಸತ್ತ ಮೇಲೆ ಅವಳಿಗಿದ್ದದ್ದು ಆ ಅಂಚೆ ಕಚೇರಿಯ ಕಿಟಕಿಯೊಂದೇ. ಈಗ ಅದನ್ನು ಬಿಡಬೇಕು, ಇಲ್ಲವೇ ಓಟು ಬಿಡಬೇಕು. ರಾಜಧಾನಿ ತಲುಪಿದ್ದೇ ತಂತಿ ಕಚೇರಿಯ ಮುಂದೆ ಇಳಿಸೆಂದಳು.

ಅವಳ ಪಕ್ಷದ ಸಭೆಯಲ್ಲಿ ಎದುರು ಪಕ್ಷದ ಲಾಯರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ವಿಲ್ಮಾ ಎದ್ದಳು. “ಅಂಚೆ ಕೆಲಸಕ್ಕೆ ರಾಜೀನಾಮೆ ತಂತಿ ಕಳ್ಸಿ ಬಂದಿದೀನಿ. ಹುದ್ದೇಲಿದ್ದಾಗ ಸಿಕ್ಕ ಎಲೆಕ್ಟರ್ ಜಾಗ ನಡೆಯಲ್ಲ, ಅದನ್ನೂ ಈಗ ಬಿಟ್ಟೆ.”

ಲಾಯರನ ಮುಖ ಅರಳಿತು. ಆದರೆ ತೆರವಾದ ಜಾಗವನ್ನು ಉಳಿದ ಎಲೆಕ್ಟರುಗಳೇ ತುಂಬಬಹುದೆಂಬ ನಿಯಮವೂ ಇತ್ತು. ಅವಳ ಜೊತೆಯ ಇಬ್ಬರೂ ಕೈಯೆತ್ತಿ, “ಖಾಲಿ ಜಾಗಕ್ಕೆ ವಿಲ್ಮಾ ಟಟಲ್!” ಎಂದರು. ವಿಲ್ಮಾ ಕುಳಿತಳು. ಕುರ್ಚಿಯ ಬಿಸಿ ಇನ್ನೂ ಆರಿರಲಿಲ್ಲ.

“ಇದ್ಯಾವ ಸೀಮೆ ನ್ಯಾಯ!” ಎಂದ ಲಾಯರು.

“ನೀವು ಓದಿರೋ ಪುಸ್ತಕದ್ದೇ. ಮುಂದಿನ ಪುಟ ನೋಡಿ,” ಎಂದು ಅವಳು ಓಟು ಹಾಕಿದಳು. ಪಕ್ಕದ ಕೋಣೆಯಲ್ಲಿ ಹೋಮರ್ ತನ್ನ ಪಕ್ಷದವರಿಗೆ ಹಾಕಿದ.

ಹೊಸ ವರ್ಷಕ್ಕೆ ಮರು ಎಣಿಕೆ ಮುಗಿಯಿತು. ಹೋಮರನ ಪಕ್ಷ ನಲವತ್ತಾರು ಓಟಿನಿಂದ ಗೆದ್ದಿತ್ತು. ಸಂಸತ್ತು ಅವನ ಕಾಗದವನ್ನು ಎಣಿಸಿ ವಿಲ್ಮಾಳದನ್ನು ಪಕ್ಕಕ್ಕಿಟ್ಟಿತು. ಮಾರನೇ ದಿನ ಅವನು ಅವಳ ಅಡುಗೆಮನೆಗೆ ಬಂದ.

“ನಿನ್ನ ಓಟು ಲೆಕ್ಕಕ್ಕೇ ಬರ್ಲಿಲ್ಲ ಅಂದ್ಮೇಲೆ ನೀನು ಎಲೆಕ್ಟರೇ ಅಲ್ಲ. ಕೆಲಸ ಬಿಡೋ ಅಗತ್ಯಾನೇ ಇರ್ಲಿಲ್ಲ.”

“ಹೊಟ್ಟೆ ಉರಿಸೋಕೆ ಹಿಮದಲ್ಲಿ ನಡ್ಕೊಂಡು ಬಂದ್ಯಾ?”

ಹೋಮರ್ ಜೇಬಿನಿಂದ ಒಂದು ಕಾಗದ ತೆಗೆದ. ಪೋಸ್ಟ್‌ಮಾಸ್ಟರರನ್ನು ನೇಮಿಸುವವರು ಇನ್ನು ಹೊಸ ಅಧ್ಯಕ್ಷರು, ಅಂದರೆ ಅವನೇ ಓಟು ಹಾಕಿ ಗೆಲ್ಲಿಸಿದವರು.

“ಶಿಫಾರಸು ಬರೆದಿದೀನಿ. ‘ಈಕೆ ನಿಮ್ಮ ವಿರುದ್ಧ ಓಟು ಹಾಕಿದವಳು. ಅದೊಂದು ಬಿಟ್ಟರೆ ಬೇರೆ ಯಾವ ಐಬೂ ಇಲ್ಲ’ ಅಂತ.”

ವಿಲ್ಮಾಳ ಕಣ್ಣು ತುಂಬಿ ಬಂತು. ಏಪ್ರನ್ನಿನಿಂದ ಒರೆಸಿಕೊಂಡಳು.

“ನಾಲ್ಕು ವರ್ಷ ಆದ್ಮೇಲೂ ವಿರುದ್ಧಾನೇ ಹಾಕ್ತಾಳೆ ಅಂತ ಸೇರ್ಸು. ಸುಳ್ಳು ಹೇಳಿ ಕೆಲಸ ತಗೊಳ್ಳೋದು ಬೇಡ.”

ಹೋಮರ್ ಪೆನ್ನು ತೆಗೆದು ಅದನ್ನೂ ಬರೆದ.