ಬರಿಗಣ್ಣಿನ ಹೆಮ್ಮೆ

ನನ್ನ ಮಗ ಗಡಿಯಾರ ರಿಪೇರಿ ಮಾಡುತ್ತಾನೆ, ಅವನ ಅಪ್ಪನೂ ಅದನ್ನೇ ಮಾಡುತ್ತಿದ್ದರು. ಈ ಮನೆಯಲ್ಲಿ ಮನುಷ್ಯರಿಗೆ ಬೆಲೆ ಕಟ್ಟುವುದೇ ಕಣ್ಣು ನೋಡಿ. ಹಾಗಾಗಿ ಮೊಮ್ಮಗಳು ಗುಬ್ಬಿ ಬಿಚ್ಚಿಟ್ಟಿದ್ದ ಒಂದು ಕೈಗಡಿಯಾರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಭೂತಗನ್ನಡಿಯೂ ಇಲ್ಲದೆ, ಒಳಗಿನ ಚಕ್ರದ ಹಲ್ಲು ಮುರಿದಿದೆ ಎಂದು ಹೇಳಿದ ದಿನ ನನ್ನ ಮಗನನ್ನು ಹಿಡಿಯುವವರೇ ಇರಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು.

“ಎಲ್ಲಾ ಬರಿಗಣ್ಣಲ್ಲೇ ನೋಡ್ತಾಳೆ ಸ್ವಾಮಿ. ಹುಟ್ಟಿದ್ದೇ ಈ ಕೆಲಸಕ್ಕೆ.”

ಶಾಲೆಯಲ್ಲಿ ಮಾತ್ರ ಬೇರೆ ಕತೆ. ಬೋರ್ಡಿನ ಲೆಕ್ಕವನ್ನು ತಪ್ಪು ತಪ್ಪಾಗಿ ಬರೆದುಕೊಳ್ಳುತ್ತಾಳೆ, ಗಮನವೇ ಇಲ್ಲ, ತಲೆಗೆ ಏನೂ ಹತ್ತುತ್ತಿಲ್ಲ ಎಂದು ಟೀಚರ್ ದೂರು. ಸಂಜೆ ಬಂದರೆ ತಲೆನೋವು. ದೊಡ್ಡವಳಾದ ಮೇಲೆ ಲೆಕ್ಕದ ಟೀಚರ್ ಆಗುತ್ತೇನೆ ಎಂದು ನನ್ನನ್ನೇ ಕೂರಿಸಿಕೊಂಡು ಪಾಠ ಹೇಳುತ್ತಿದ್ದ ಹುಡುಗಿ ಒಂದು ದಿನ, “ಅಜ್ಜಿ, ನಾನು ದಡ್ಡಿ. ಪರೀಕ್ಷೆ ಮುಗಿದ್ಮೇಲೆ ಶಾಲೆ ಬಿಟ್ಟು ಅಂಗಡಿಲೇ ಕೂತ್ಕೊತೀನಿ,” ಎಂದಳು. ನನ್ನ ಮಗರಾಯ ಆಗಲೇ ತನ್ನ ಪಕ್ಕಕ್ಕೆ ಅವಳಿಗೊಂದು ಸ್ಟೂಲು ತಂದಿಟ್ಟಿದ್ದ. ನನಗೆ ಪಿತ್ತ ನೆತ್ತಿಗೇರಿತು.

ಆ ವಾರ ನಾನು ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟಿದ್ದೆ. ನನಗೆ ಕಣ್ಣಿನ ಪೊರೆ ತೆಗೆದಿದ್ದರು, ಮತ್ತೊಮ್ಮೆ ತೋರಿಸಬೇಕಿತ್ತು. ಬಸ್ ಸ್ಟಾಪಿನಲ್ಲಿ, “ನಮ್ಮ ಬಸ್ಸು ಬರ್ತಿದೆ, ಕೈ ತೋರ್ಸೇ,” ಎಂದೆ.

“ಎಲ್ಲಿ ಅಜ್ಜಿ? ಎದುರಿಗೆ ಬಂದು ನಿಂತ ಮೇಲೇ ತಾನೆ ಬೋರ್ಡು ಕಾಣೋದು? ಎಲ್ರಿಗೂ ಹಾಗೇ ಅಲ್ವಾ?”

ಶಾಲೆಯ ಬೋರ್ಡು ಕಾಣುತ್ತದೆಯೇ ಎಂದು ಕೇಳಿದೆ. ಏನೋ ಬೆಳ್ಳಗೆ ಬರೆದಿರುವುದು ಗೊತ್ತಾಗುತ್ತದೆ, ಪಕ್ಕದವಳ ಪುಸ್ತಕ ನೋಡಿಕೊಂಡು ಬರೆಯುತ್ತೇನೆ ಎಂದಳು.

ಆಸ್ಪತ್ರೆಯಲ್ಲಿ ಅವಳನ್ನೂ ನೋಡಿ ಎಂದರೆ ಆ ದಿನದ ಚೀಟಿ ಮುಗಿದಿತ್ತು. ಮನೆಗೆ ಬಂದವಳೇ ಮಗನನ್ನು ತರಾಟೆಗೆ ತೆಗೆದುಕೊಂಡೆ.

“ನಿನ್ನ ಮಗಳಿಗೆ ದೂರದ್ದು ಕಾಣ್ತಿಲ್ಲ ಕಣೋ.”

“ಕೂದಲೆಳೆಯಷ್ಟು ಸ್ಪ್ರಿಂಗ್ ಕಾಣುತ್ತೆ, ಬಸ್ಸು ಕಾಣಲ್ವಾ? ಸುಮ್ನಿರಮ್ಮ. ಕನ್ನಡಕ ಅಭ್ಯಾಸ ಆದ್ರೆ ಇರೋ ಕಣ್ಣೂ ಹೋಗುತ್ತೆ. ಆಮೇಲೆ ಅವಳು ಈ ಕೆಲಸಕ್ಕೂ ಇಲ್ಲ, ಆ ಕೆಲಸಕ್ಕೂ ಇಲ್ಲ.”

“ಊರವರ ಗಡಿಯಾರದೊಳಗೆಲ್ಲ ಇಣುಕ್ತೀಯ. ಮನೆ ಮಗು ಮುಖ ನೋಡೋಕೆ ಪುರುಸೊತ್ತಿಲ್ಲ ನಿಂಗೆ,” ಎಂದು ರೇಗಿದೆ. ಅವನು ಮುಖ ಊದಿಸಿಕೊಂಡು ಕೂತ.

ಮಾರನೆಯ ದಿನ ಗುಬ್ಬಿಯನ್ನು ಕನ್ನಡಕದ ಅಂಗಡಿಗೆ ಕರೆದೊಯ್ದೆ. ಅವನೂ ಹಿಂದೆಯೇ ಬಂದ, ಆದರೆ ಒಳಗೆ ಕಾಲಿಡಲಿಲ್ಲ. ರಸ್ತೆಯಾಚೆ ಚಪ್ಪಲಿ ಅಂಗಡಿಯ ಮುಂದೆ ನಿಂತುಬಿಟ್ಟ. ಹಟಮಾರಿ, ಥೇಟ್ ಅವರಪ್ಪನ ಹಾಗೆಯೇ.

ಕಣ್ಣು ಪರೀಕ್ಷೆ ಮಾಡುವ ಹೆಂಗಸು ಗುಬ್ಬಿಯ ಮೂಗಿನ ಮೇಲೊಂದು ಭಾರದ ಫ್ರೇಮು ಕೂರಿಸಿ, ಗಾಜು ಬದಲಿಸುತ್ತಾ ಗೋಡೆಯ ಮೇಲಿನ ಅಕ್ಷರ ಓದಿಸಿದರು. ಮೊದಲು ತಡವರಿಸಿದವಳು ಆಮೇಲೆ ಕೆಳಗಿನ ಸಾಲಿನವರೆಗೂ ಸರಾಗವಾಗಿ ಓದಿದಳು.

“ಇದು ಸಮೀಪದೃಷ್ಟಿ ಅಜ್ಜಿ. ಕಣ್ಣುಗುಡ್ಡೆ ಸ್ವಲ್ಪ ಉದ್ದ ಬೆಳೆದಿದೆ. ಅದಕ್ಕೇ ದೂರದ್ದು ಮಂಜು, ಹತ್ತಿರದ್ದು ಚೆನ್ನ. ತುಂಬಾ ಮಕ್ಕಳಿಗೆ ಇರುತ್ತೆ. ಕನ್ನಡಕ ಹಾಕಿದ್ರೆ ಕಣ್ಣು ಕೆಡಲ್ಲ. ವರ್ಷ ವರ್ಷ ತೋರಿಸ್ತಿರಿ ಅಷ್ಟೆ.”

“ಇವಳು ಗಡಿಯಾರದ ಕೆಲಸ ಮಾಡ್ಬೋದಾ?” ಎಂದೆ.

“ಧಾರಾಳವಾಗಿ. ಬೇಕಾದ್ರೆ ಆ ಹೊತ್ತಿಗೆ ತೆಗೆದಿಟ್ಕೊಳ್ಲಿ.”

ಊರಿಗೆಲ್ಲ ಸಾರಿಕೊಂಡು ಬಂದ ಹೆಮ್ಮೆಯೇ ಕಾಯಿಲೆಯಾಗಿತ್ತಲ್ಲ ಎಂದು ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಇದನ್ನ ಹಾಕ್ಕೊಂಡೇ ಬಾಗ್ಲಲ್ಲಿ ನಿಂತು ಹೊರಗೆ ನೋಡಮ್ಮ,” ಎಂದರು ಅವರು. ಅಂಗಡಿಗಳ ಬೋರ್ಡುಗಳನ್ನೆಲ್ಲ ಓದಿ ನನ್ನ ತಲೆ ತಿನ್ನುತ್ತಾಳೆ ಎಂದುಕೊಂಡರೆ ಗುಬ್ಬಿ ಚಪ್ಪಲಿ ಅಂಗಡಿಯ ಕಡೆಗೇ ನೋಡುತ್ತಾ ನಿಂತಳು.

“ಏನೇ ಅದು?”

“ಅಜ್ಜಿ, ಅಪ್ಪ ಹೆದರ್ಕೊಂಡಿದ್ದಾರೆ.”

“ಅವನಾ? ಅದು ಕೋಪ ಕಣೇ.”

“ಇಲ್ಲ ಅಜ್ಜಿ. ಉಗುರು ಕಚ್ತಿದ್ದಾರೆ ನೋಡು.”

ನೋಡಿದೆ. ನಿಜವೇ. ಪಾಪ ಅನ್ನಿಸಿತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲವೇ.

“ಅಪ್ಪ, ನಾನು ದಡ್ಡಿ ಅಲ್ಲ,” ಎಂದು ಗುಬ್ಬಿ ಅಲ್ಲಿಂದಲೇ ಕೂಗಿದಳು. “ಕಾಣ್ತಿರ್ಲಿಲ್ಲ, ಅಷ್ಟೆ.”

ಅವನು ಹಿಂದೆಮುಂದೆ ನೋಡದೆ ರಸ್ತೆ ದಾಟಿದ. ಸ್ಕೂಟರಿನವನೊಬ್ಬ ಬೈದುಕೊಂಡು ಹೋದ. ಬಂದು ಮಗಳ ತಲೆ ಸವರಿದ. ಆಮೇಲೆ ಒಳಗಿದ್ದ ಹೆಂಗಸಿನ ಕಡೆ ತಿರುಗಿ, “ಮೇಡಂ, ನಾಳೆ ಬೆಳಿಗ್ಗೆಯೊಳಗೆ ಕನ್ನಡಕ ಮಾಡ್ಕೊಡಿ,” ಎಂದ. “ಮೊದಲ್ನೇ ಪೀರಿಯಡ್ಡೇ ಲೆಕ್ಕ ಇದೆ ಅವಳಿಗೆ.”